ಲೇಪಾಕ್ಷಿಯ ಚಿತ್ರಗಳು ಹೇಳುವ ಮಾತು

(ಮಡಕಶಿರ ಸೀಮೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



“ನೀವು ಎಲ್ಲಿಂದ ಬಂದವರು?” ಎಂದು ನಮ್ಮ ಮಕ್ಕಳನ್ನು ಕೇಳುವವರುಂಟು. ಮೊದಲು ಮದರಾಸು ಪ್ರಾಂತದಲ್ಲಿದ್ದೆವು, 1953ರಲ್ಲಿ ಆಂಧ್ರಕ್ಕೆ ಸೇರಿದೆವು. ಆದರೆ ಹುಟ್ಟಿದ ನೆಲವನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಟ್ಟವರಲ್ಲ.

ಉತ್ತರ ಬೇಕಾದವರು ಹಿಂದೂಪುರದ ಬಳಿಯ ಲೇಪಾಕ್ಷಿಗೆ ಹೋಗಿ ತಲೆಯೆತ್ತಿ ನೋಡಲಿ. ಅಚ್ಯುತರಾಯನ ಆಳ್ವಿಕೆಯಲ್ಲಿ (1529–1542) ವಿರೂಪಣ್ಣ, ವೀರಣ್ಣ ಸೋದರರು ಬೆಳೆಸಿದ ವೀರಭದ್ರ ದೇವಾಲಯದ ಮೇಲ್ಚಾವಣಿಯಲ್ಲಿ ಪಾರ್ವತೀ ಕಲ್ಯಾಣ, ದ್ರೌಪದೀ ಸ್ವಯಂವರ, ಕಿರಾತಾರ್ಜುನರ ಕಥೆಗಳಿವೆ. ಗಂಡಸರ ತಲೆಯ ಮೇಲೆ ನೀಳವಾದ ಕುಲಾವಿ. ಹೆಂಗಸರ ಸೀರೆಗಳಲ್ಲಿ ಬಗೆಬಗೆಯ ಪಟ್ಟೆ, ಚೌಕಳಿ. ಪುರಾಣಪುರುಷರಿಗೂ ಚಿತ್ರಕಾರನು ತೊಡಿಸಿದ್ದು ತನ್ನ ಕಾಲದವರ ಉಡುಗೆಯನ್ನೇ. ಅದೇ ಗುಡಿಯ ಬಂಡೆಗಳ ಮೇಲೆ ಕನ್ನಡ ಶಾಸನಗಳಿವೆ.

1565ರ ಯುದ್ಧದಲ್ಲಿ ವಿಜಯನಗರವು ಹಾಳಾದ ಬಳಿಕ ಚಿತ್ರಕಾರರ ಮನೆತನಗಳು ಆಶ್ರಯವನ್ನರಸಿ ಚದುರಿದವು. ಮೈಸೂರು, ತಂಜಾವೂರು ಚಿತ್ರಶೈಲಿಗಳು ಆ ಬೇರಿನಿಂದಲೇ ಚಿಗುರಿದವು. ಊರು ಬಿಟ್ಟು ಹೋದವರು ತಮ್ಮ ಕುಂಚವನ್ನು ಬಿಡಲಿಲ್ಲ. ಊರಿನಲ್ಲೇ ನಿಂತ ನಾವು ನುಡಿಯನ್ನು ಬಿಡಬಹುದೆ?

ತೆಲುಗು ನೆರೆಯವರೊಡನೆ ನಮಗೆ ಕಲಹವಿಲ್ಲ. ಆ ಗುಡಿ ಅವರದೂ ಹೌದು, ನಮ್ಮದೂ ಹೌದು. ನಮ್ಮ ಅಂಜಿಕೆ ಬೇರೆ. ಕನ್ನಡ ಶಾಲೆ ಮುಚ್ಚಿದ ಊರಿನ ಮಗುವಿಗೆ ಅಜ್ಜನ ಕಾಲದ ಶಾಸನವು ಬರಿಯ ಕಲ್ಲಾಗುತ್ತದೆ.

ಆದುದರಿಂದ ಪ್ರತಿ ಮನೆಯಲ್ಲೂ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸೋಣ. ಬಳಿಕ ಅವರನ್ನು ಲೇಪಾಕ್ಷಿಗೆ ಕರೆದೊಯ್ಯೋಣ. ಎಲ್ಲಿಂದ ಬಂದವರೆಂಬ ಪ್ರಶ್ನೆಗೆ ಉತ್ತರವನ್ನು ಅವರೇ ಓದಿ ಹೇಳಲಿ.