ಚಿತ್ರಕಲೆಯ ವ್ಯಾಸಂಗ: ಮೊದಲೆರಡು ಮೆಟ್ಟಿಲುಗಳು

‘ಚಿತ್ರ ಬರೆದರೆ ಹೊಟ್ಟೆ ತುಂಬೀತೆ?’ ಈ ಪ್ರಶ್ನೆಯನ್ನು ನೀವೂ ಕೇಳಿರಬಹುದು, ಇಲ್ಲವೆ ನಿಮ್ಮನ್ನೇ ಯಾರಾದರೂ ಕೇಳಿರಬಹುದು. ಮೂವತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತ ಬಂದಿರುವ ನಾನು ಕೇಳಿದವರ ಸಾಲಿಗೆ ಸೇರಿದವನು. ಆದರೆ ಆ ಪ್ರಶ್ನೆಗೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು. ಕಲಾಶಾಲೆಗೆ ಸೇರಿದ ಹುಡುಗನೋ ಹುಡುಗಿಯೋ ಅಲ್ಲಿ ಕಲಿಯುವುದಾದರೂ ಏನನ್ನು? ಅದನ್ನು ತಿಳಿಯದೆ ಹೊಟ್ಟೆಯ ಮಾತನ್ನು ಎತ್ತುವುದು ನ್ಯಾಯವಲ್ಲ. ನನಗೆ ಅದು ತಿಳಿದದ್ದು ತಡವಾಗಿ, ಒಬ್ಬ ಶಿಷ್ಯೆಯಿಂದ. ಆ ಕಥೆಯನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ನಾನಿರುವುದು ಅಲ್ಲಾಳಸಂದ್ರದಲ್ಲಿ. ಸಂದ್ರವೆಂದರೆ ಸಮುದ್ರ, ಅರ್ಥಾತ್ ದೊಡ್ಡ ಕೆರೆ. ಬೊಮ್ಮಸಂದ್ರ, ಸಿಂಗಸಂದ್ರಗಳಂತೆ ಕೆರೆಯಿಂದ ಹೆಸರು ಪಡೆದ ಊರು ಇದು. ಬಳ್ಳಾರಿ ರಸ್ತೆ ಅಗಲವಾಗಿ, ಸುತ್ತಲೂ ಬಹುಮಹಡಿಯ ಮನೆಗಳೆದ್ದು, ಊರು ಬೆಂಗಳೂರಿನೊಳಗೆ ಕರಗಿಹೋಗಿದೆಯಾದರೂ ಕೆರೆ ಉಳಿದುಕೊಂಡಿದೆ. ನಮ್ಮ ಬೀದಿಯಲ್ಲೇ ಮರಗೆಲಸ ಮಾಡುವ ಒಬ್ಬರಿದ್ದಾರೆ. ಅವರ ಮಗಳು ಒಂಬತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಒಂದು ದಿನ ಸಂಧಿ ಪ್ರಕರಣ ನಡೆಯುತ್ತಿರುವಾಗ ಆಕೆಯ ಪುಸ್ತಕವನ್ನು ತೆಗೆದು ನೋಡಿದೆ. ಲೋಪ, ಆಗಮ, ಆದೇಶಗಳ ಪಕ್ಕದಲ್ಲಿ ನನ್ನ ಕನ್ನಡಕ, ನನ್ನ ಮೂಗು, ನನ್ನ ಬೋಳುತಲೆ! ತರಗತಿಯೆಲ್ಲ ನಕ್ಕಿತು. ಆ ಪುಟವನ್ನು ಆಕೆಯ ಕೈಯಿಂದಲೇ ಹರಿಸಿದೆ. ಮುಂದೆ ಆಕೆ ಪಿ.ಯು.ಸಿ. ಮುಗಿಸಿದಾಗ ತಂದೆ ನನ್ನಲ್ಲಿಗೆ ಬಂದು, ಮಗಳು ಚಿತ್ರಕಲೆಯ ಕಾಲೇಜಿಗೆ ಸೇರುತ್ತೇನೆನ್ನುತ್ತಾಳೆ, ಏನು ಮಾಡಲಿ ಎಂದು ಕೇಳಿದರು. ನಾನು ಮೊದಲು ಹೇಳಿದ ಆ ಪ್ರಶ್ನೆಯನ್ನೇ ಅವರ ಮುಂದಿಟ್ಟು ಕಳುಹಿಸಿದೆ. ಅವರು ನನ್ನ ಮಾತನ್ನು ಕೇಳಲಿಲ್ಲ. ಮಗಳ ಕೈಪರೀಕ್ಷೆ ನಡೆಯಿತು, ಪ್ರವೇಶವೂ ದೊರೆಯಿತು.

ಒಂದು ವಿಷಯವನ್ನು ಇಲ್ಲಿ ನೆನೆಯಬೇಕು. ಚಿತ್ರಕಲೆಯನ್ನು ಶಾಲೆಯಲ್ಲಿ ಕೂತು ಕಲಿಯುವುದು ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ೧೯೦೬ರಲ್ಲಿ ಅಸ್ತಿಭಾರ ಬಿತ್ತು. ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು ೧೯೧೯ರಲ್ಲಿ ಕಲಾಮಂದಿರವನ್ನು ತೆರೆದರು. ಎಂ. ಎಸ್. ನಂಜುಂಡರಾಯರೇ ಮೊದಲಾದವರ ಶ್ರಮದಿಂದ ೧೯೬೦ರಲ್ಲಿ ಚಿತ್ರಕಲಾ ಪರಿಷತ್ತು ಹುಟ್ಟಿತು. ಆರ್. ಎಂ. ಹಡಪದರು ಕೆನ್ ಕಲಾಶಾಲೆಯನ್ನು ಕಟ್ಟಿ ಎಷ್ಟೋ ಹಳ್ಳಿಯ ಹುಡುಗರ ಕೈಗೆ ಕುಂಚ ಕೊಟ್ಟರು. ಮೈಸೂರಿನಲ್ಲಿ ೧೯೮೧ರಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಆರಂಭವಾಯಿತು. ಇಷ್ಟಿದ್ದರೂ ಅಲ್ಲಿ ನಡೆಯುವುದೇನೆಂಬುದು ನನ್ನಂಥ ಓದುಬರಹದವರಿಗೇ ಗೊತ್ತಿರಲಿಲ್ಲ. ಕೈ ಚೆನ್ನಾಗಿದ್ದವರು ಅಲ್ಲಿಗೆ ಹೋಗಿ ಇನ್ನಷ್ಟು ಚೆನ್ನಾಗಿ ಬರೆಯುತ್ತಾರೆ ಎಂದಷ್ಟೇ ತಿಳಿದಿದ್ದೆ.

ಆಕೆ ಮೊದಲ ವರ್ಷದಲ್ಲಿದ್ದಾಗ, ಮುರಿದ ಕುರ್ಚಿಯೊಂದನ್ನು ಸರಿಪಡಿಸಿಕೊಳ್ಳಲು ಅವರ ಮನೆಗೆ ಹೋಗಿದ್ದೆ. ಹಲಗೆಯ ಮೇಲೆ ದೊಡ್ಡ ಹಾಳೆ ಹರಡಿ ಆಕೆ ಒಂದು ಮಡಕೆಯನ್ನು ಬರೆಯುತ್ತಿದ್ದಳು. ಪಕ್ಕದಲ್ಲಿ ಅದೇ ಮಡಕೆಯ ಹತ್ತಾರು ಹಾಳೆಗಳು ಬಿದ್ದಿದ್ದವು. “ಇದೇನಮ್ಮ, ಒಂದು ಮಡಕೆಗೆ ಇಷ್ಟು ಕಾಗದವೆ?” ಎಂದೆ. ಆಕೆ ನಗುತ್ತ ನೀರಿನ ಚೊಂಬೊಂದನ್ನು ತಂದು ಮೇಜಿನ ಮೇಲಿಟ್ಟು, “ಸಾರ್, ನೀವೇ ಒಂದು ಸಲ ಬರೆದುನೋಡಿ” ಎಂದಳು. ನಾನೂ ಬಿಡಲಿಲ್ಲ. ಚೊಂಬಿನ ಬಾಯನ್ನು ದುಂಡಗೆ ಬರೆದೆ. ಮೇಜು ಚಪ್ಪಟೆಯಾದ್ದರಿಂದ ತಳಕ್ಕೆ ನೇರವಾದ ಗೆರೆ ಎಳೆದೆ. ಆಕೆ ನೋಡಿ, “ಸಾರ್, ನಿಮಗೆ ಗೊತ್ತಿರೋದನ್ನ ಬರೆದಿದ್ದೀರಿ, ಕಾಣೋದನ್ನ ಬರೆದಿಲ್ಲ” ಎಂದಳು.

ಮಾತು ನಿಜ. ಚೊಂಬಿನ ಬಾಯಿ ದುಂಡಗಿರುವುದು ನನ್ನ ಬುದ್ಧಿಗೆ ಗೊತ್ತು. ಕುಳಿತಲ್ಲಿಂದ ಓರೆಯಾಗಿ ನೋಡುವ ಕಣ್ಣಿಗೆ ಅದು ಮೊಟ್ಟೆಯಾಕಾರವಾಗಿ ಚಪ್ಪಟೆಯಾಗಿ ಕಾಣುತ್ತದೆ. ತಳದ ಅಂಚೂ ಬಾಗಿಯೇ ಕಾಣುತ್ತದೆ. ಕಣ್ಣಿನ ಮಟ್ಟಕ್ಕಿಂತ ಇನ್ನೂ ಕೆಳಗಿರುವುದರಿಂದ ಆ ಬಾಗು ಬಾಯಿಯ ಬಾಗಿಗಿಂತ ಹೆಚ್ಚು. ಐವತ್ತು ವರ್ಷ ಚೊಂಬಿನಲ್ಲಿ ನೀರು ಕುಡಿದ ನಾನು ಚೊಂಬನ್ನು ಒಮ್ಮೆಯೂ ನೋಡಿರಲಿಲ್ಲವೆಂದಾಯಿತು.

ಮೊದಲ ಮೆಟ್ಟಿಲಿನ ವಿದ್ಯೆಯೆಲ್ಲ ಈ ಒಂದು ತಪ್ಪನ್ನು ತಿದ್ದುವುದಕ್ಕಾಗಿಯೇ ಇದೆ. ಪೆನ್ಸಿಲನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಎತ್ತರ ಅಗಲಗಳನ್ನು ಹೋಲಿಸಿ ಅಳೆಯುವುದು. ಹೂಜಿಯ ಹಿಡಿಯನ್ನು ಬರೆಯುವ ಬದಲು ಹಿಡಿಗೂ ಹೊಟ್ಟೆಗೂ ನಡುವೆ ಇರುವ ಬರಿದಾದ ಜಾಗದ ಆಕಾರವನ್ನು ಬರೆಯುವುದು. ಆ ಜಾಗಕ್ಕೆ ಹೆಸರಿಲ್ಲವಾದ್ದರಿಂದ ಬುದ್ಧಿ ಅಲ್ಲಿ ಮೂಗು ತೂರಿಸಲಾರದು, ಕಣ್ಣು ಕಂಡದ್ದನ್ನೇ ಕೈ ಬರೆಯುತ್ತದೆ. ಬಿಳುಪಿನಿಂದ ಕಪ್ಪಿನವರೆಗೆ ಸಾಲು ಚೌಕಗಳನ್ನು ಹಾಕಿ, ನಡುವಿನ ಬೂದುಬಣ್ಣಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಬಟ್ಟೆಯ ಮಡಿಕೆಗಳಲ್ಲಿ ನೆರಳು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂದು ಇದ್ದಿಲಿನಲ್ಲಿ ತೋರಿಸುವುದು. ದೂರ ಹೋದಂತೆಲ್ಲ ರಸ್ತೆಯ ಎರಡು ಅಂಚುಗಳು ಕೂಡಿಬರುವ ಪರ್ಸ್ಪೆಕ್ಟಿವ್ ನಿಯಮವನ್ನು ಕಲಿಯುವುದು. ಜೇಡಿಮಣ್ಣಿನಲ್ಲಿ ಕೈಯಿಟ್ಟು, ಆಕಾರಕ್ಕೆ ಹಿಂಬದಿಯೂ ಉಂಟೆಂದು ಬೆರಳಿಗೆ ತಿಳಿಸುವುದು. ಆಮೇಲೆ ಬಣ್ಣ. ಜಲವರ್ಣದಲ್ಲಿ ತಿಳಿಯಿಂದ ಗಾಢಕ್ಕೆ ಹೋಗಬೇಕು. ಬಿಳುಪೆಂದರೆ ಅಲ್ಲಿ ಕಾಗದವೇ, ಅದನ್ನು ಮೊದಲೇ ಉಳಿಸಿಕೊಳ್ಳದಿದ್ದರೆ ಮತ್ತೆ ಪಡೆಯುವುದು ಕಷ್ಟ.

ನಾವು ಹೇಳಿಕೊಡುವ ಕಾಗುಣಿತಕ್ಕೂ ಮಾತ್ರೆ ಗಣಗಳ ಎಣಿಕೆಗೂ ಇದು ಸಮ. ಬೇಸರದ ಕೆಲಸವೆಂಬುದೇನೋ ಹೌದು. ಆದರೆ ಇಲ್ಲಿ ಒಂದು ಸೌಕರ್ಯವುಂಟು. ತಪ್ಪು ಯಾವುದು, ಸರಿ ಯಾವುದು ಎಂದು ಹೇಳಲು ಮಡಕೆ ಎದುರಿಗೇ ಕೂತಿರುತ್ತದೆ. ಶ್ರಮಪಟ್ಟವರಿಗೆ ತಿಂಗಳಿಂದ ತಿಂಗಳಿಗೆ ಏಳಿಗೆ ಕಾಣುತ್ತದೆ. ಮನೆಗೆ ಬಂದವರು “ಫೋಟೋ ಇದ್ದಂತಿದೆ” ಎನ್ನುತ್ತಾರೆ. ಮೊದಲ ವರ್ಷ ಹೀಗೆ ಸಂತೋಷವಾಗಿಯೇ ಕಳೆಯುತ್ತದೆ.

ಕಷ್ಟವಿರುವುದು ಎರಡನೆಯ ಮೆಟ್ಟಿಲಿನಲ್ಲಿ. ಚಿತ್ರ, ಶಿಲ್ಪ, ಮುದ್ರಣಕಲೆ, ಅನ್ವಯಕಲೆ ಎಂದು ದಾರಿಗಳು ಕವಲೊಡೆಯುತ್ತವೆ. ಮಡಕೆಯ ಬದಲು ಮನುಷ್ಯರು ಎದುರಿಗೆ ಬಂದು ಕೂಡುತ್ತಾರೆ. ಎರಡು ನಿಮಿಷಕ್ಕೊಮ್ಮೆ ಭಂಗಿ ಬದಲಾಗುತ್ತದೆ, ಅಷ್ಟರೊಳಗೆ ಮೈಯ ಭಾರ ಯಾವ ಕಾಲಿನ ಮೇಲೆ ನಿಂತಿದೆಯೆಂಬುದನ್ನು ನಾಲ್ಕು ಗೆರೆಯಲ್ಲಿ ಹಿಡಿಯಬೇಕು. ಹಾಳೆಯ ಮೇಲೆ ಯಾವುದನ್ನು ಎಲ್ಲಿಡಬೇಕು, ಯಾವುದನ್ನು ಬಿಡಬೇಕು ಎಂಬ ಸಂಯೋಜನೆಯ ಪ್ರಶ್ನೆ ಏಳುತ್ತದೆ. ಕೊನೆಗೆ ಅಧ್ಯಾಪಕರು ಮಾದರಿಯನ್ನೇ ತೆಗೆದುಬಿಟ್ಟು, “ನಿನಗೆ ಬರೆಯಬೇಕೆನಿಸಿದ್ದನ್ನು ಬರೆ” ಎನ್ನುತ್ತಾರೆ. ಸರಿ ತಪ್ಪುಗಳನ್ನು ಹೇಳಲು ಈಗ ಎದುರಿಗೆ ಮಡಕೆಯಿಲ್ಲ.

ಈ ಎರಡು ಮೆಟ್ಟಿಲುಗಳ ಭೇದವನ್ನು ನಮ್ಮ ಹಿಂದಿನವರು ಅರಿತಿದ್ದರೆಂದೇ ತೋರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ. ಅದರಲ್ಲಿ ಗೋಡೆಯನ್ನು ಹದಮಾಡುವ ಬಗೆ, ಎಮ್ಮೆಯ ಚರ್ಮವನ್ನು ಬೇಯಿಸಿ ಮಾಡುವ ವಜ್ರಲೇಪವೆಂಬ ಅಂಟು, ಕರುವಿನ ಕಿವಿಯ ಕೂದಲಿನ ಕುಂಚ ಎಲ್ಲವೂ ಬರುತ್ತವೆ. ಕನ್ನಡಿಯಲ್ಲಿ ಕಂಡಂತೆ ಹೋಲಿಕೆಯಿರುವ ಚಿತ್ರವನ್ನು ಆತ ವಿದ್ಧವೆಂದು ಕರೆಯುತ್ತಾನೆ. ಮನಸ್ಸಿಗೆ ಹೊಳೆದಂತೆ ಬರೆದದ್ದು ಅವಿದ್ಧ. ನನಗೆ ತೋರುವ ಮಟ್ಟಿಗೆ, ಕಲಾಶಾಲೆಯ ವಿದ್ಯಾರ್ಥಿ ನಡೆಯಬೇಕಾದ ದಾರಿ ವಿದ್ಧದಿಂದ ಅವಿದ್ಧಕ್ಕೆ. ನಡುವೆ ಒಂದು ಹಳ್ಳವಿದೆ.

ನನ್ನ ಶಿಷ್ಯೆ ಆ ಹಳ್ಳಕ್ಕೆ ಬಿದ್ದದ್ದು ಎರಡನೆಯ ವರ್ಷದ ನಡುವಿನಲ್ಲಿ. ಒಂದು ಬೆಳಗ್ಗೆ ಕೆರೆಯ ಏರಿಯ ಮೇಲೆ ಸಿಕ್ಕಿ, “ಸಾರ್, ನೀವು ಅವತ್ತು ಅಪ್ಪನಿಗೆ ಹೇಳಿದ್ದೇ ಸರಿ. ನನಗೆ ಬರೋದಿಲ್ಲ. ಬಿಟ್ಟುಬಿಡ್ತೀನಿ” ಎಂದಳು. ಹಿಂದಿನ ವರ್ಷ ಎಲ್ಲರೂ ಮೆಚ್ಚಿದ್ದ ಕೈ ಈಗ ಏನು ಬರೆದರೂ ಕೆಟ್ಟದಾಗಿ ಕಾಣುತ್ತದಂತೆ. ತಿಂಗಳುಗಟ್ಟಲೆ ಬರೆದುದನ್ನೆಲ್ಲ ಹರಿದುಹಾಕಿದ್ದಳಂತೆ. ನನ್ನ ಮಾತು ಗೆದ್ದಿತೆಂದು ನಾನು ಹಿಗ್ಗಬೇಕಾಗಿತ್ತು. ಹಿಗ್ಗಲಿಲ್ಲ. ಹರಿದ ಪುಟವೆಂಬ ಮಾತು ಕಿವಿಗೆ ಬಿದ್ದಾಗ ಒಂಬತ್ತನೆಯ ತರಗತಿಯ ಆ ಪುಟ ನೆನಪಾಯಿತು. ಏನು ಹೇಳಬೇಕೆಂದು ತೋಚದೆ, “ಮನೆಗೆ ನಡೆಯಮ್ಮ, ಉಳಿದಿರುವುದನ್ನಾದರೂ ನೋಡೋಣ” ಎಂದೆ.

ಮೊದಲ ವರ್ಷದ ಒಂದು ಹಾಳೆ, ಹಿಂದಿನ ವಾರದ ಒಂದು ಹಾಳೆ, ಎರಡನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಮೊದಲನೆಯದು ಅಚ್ಚುಕಟ್ಟಾದ ಮಡಕೆ. ಎರಡನೆಯದು ಅವಳ ತಂದೆ ಹಲಗೆಯನ್ನು ಹತ್ತರಿ ಹೊಡೆಯುತ್ತಿರುವ ಚಿತ್ರ. ಒಂದು ಕೈ ತಪ್ಪಾಗಿತ್ತು, ನನಗೇ ಕಾಣುವಂತೆ ತಪ್ಪಾಗಿತ್ತು. ಆದರೆ ಬಾಗಿದ ಆ ಬೆನ್ನನ್ನು ನೋಡಿದರೆ ಸಾಕು, ಇದು ಇವರೇ ಎಂದು ಬೀದಿಯಲ್ಲಿ ಯಾರಾದರೂ ಹೇಳಿಯಾರು. ಮಡಕೆಯ ಚಿತ್ರದಲ್ಲಿ ಅಂಥದೇನೂ ಇರಲಿಲ್ಲ. ನಾನು ಇದನ್ನು ಹೇಗೆ ಹೇಳುವುದೆಂದು ಮಾತು ಹುಡುಕುತ್ತಿದ್ದಾಗ ತಂದೆ ಹತ್ತರಿಯನ್ನು ಕೆಳಗಿಟ್ಟು ಬಂದರು.

“ಮೇಷ್ಟ್ರೇ, ನನ್ನ ಹತ್ರ ಕೆಲಸ ಕಲಿಯೋಕೆ ಹುಡುಗ್ರು ಬರ್ತಾರೆ. ಮೊದಲನೇ ವರ್ಷ ಮಾಡಿದ್ದೆಲ್ಲ ಅವರಿಗೆ ಚೆನ್ನಾಗೇ ಕಾಣ್ತದೆ. ಎರಡನೇ ವರ್ಷಕ್ಕೆ ಸಂದು ಕೂಡ್ಲಿಲ್ಲ ಅನ್ನೋದು ನಾನು ಹೇಳೋಕೆ ಮುಂಚೆ ಅವರಿಗೇ ಗೊತ್ತಾಗ್ತದೆ. ಬಿಟ್ಟು ಓಡಿಹೋಗೋದು ಆವಾಗ್ಲೇ. ಕೆಲಸ ಹತ್ತೋದೂ ಆವಾಗ್ಲೇ.”

ಸಂದು ಎಂಬುದು ಸಂಧಿಯ ತದ್ಭವ. ಮೂವತ್ತು ವರ್ಷ ಸಂಧಿ ಹೇಳಿಕೊಟ್ಟ ನನಗೆ ಅಂದು ಸಂದಿನ ಪಾಠವಾಯಿತು. ಕೈಗಿಂತ ಕಣ್ಣು ಮುಂದೆ ಓಡಿದಾಗ ತನ್ನ ಕೆಲಸ ತನಗೇ ಕೆಟ್ಟದಾಗಿ ಕಾಣುತ್ತದೆ. ಕೈ ಕೆಟ್ಟಿಲ್ಲ, ಕಣ್ಣು ಬೆಳೆದಿದೆ. ಕಲಿಯುವವರಿಗೆ ಒಳಗಿನಿಂದ ಇದು ಸೋಲಿನಂತೆಯೇ ತೋರುವುದರಿಂದ ಪಕ್ಕದಲ್ಲಿ ನಿಂತು ಹೇಳುವವರೊಬ್ಬರು ಬೇಕು. ಕೈ ಮತ್ತೆ ಕಣ್ಣನ್ನು ಹಿಡಿಯುವುದಕ್ಕೆ ಕೆಲವರಿಗೆ ತಿಂಗಳು ಬೇಕಾದೀತು, ಕೆಲವರಿಗೆ ವರ್ಷವೇ ಬೇಕಾದೀತು.

ದೊಡ್ಡವರೂ ಈ ದಾರಿಯನ್ನು ತುಳಿದವರೇ. ಕೆ. ವೆಂಕಟಪ್ಪನವರು ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು, ಕುಂಚ ಅವರಿಗೆ ಹುಟ್ಟಿನಿಂದ ಬಂದದ್ದು. ಆದರೂ ಅರಮನೆಯ ನೆರವಿನಿಂದ ಕಲಕತ್ತೆಗೆ ಹೋಗಿ, ಅವನೀಂದ್ರನಾಥ ಠಾಕೂರರ ಬಳಿ ಹಲವು ವರ್ಷ ವಿದ್ಯಾರ್ಥಿಯಾಗಿದ್ದರು. ಉದಕಮಂಡಲದ ಮಂಜು ಮೋಡಗಳ ಪ್ರಸಿದ್ಧ ಜಲವರ್ಣಗಳು ಅವರ ಕೈಯಿಂದ ಬಂದದ್ದು ಆ ಬಳಿಕ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಹೆಸರಾದ ಮೇಲೆ, ನಲವತ್ತರ ಹತ್ತಿರಹತ್ತಿರ ಪ್ಯಾರಿಸಿಗೆ ಹೋಗಿ ಅಕಾಡೆಮಿ ಜೂಲಿಯನ್ ಎಂಬ ಶಾಲೆಯಲ್ಲಿ ಮತ್ತೆ ವಿದ್ಯಾರ್ಥಿಯಾದರು. ಬಲ್ಲವರೇ ಹೀಗೆ ಮರಳಿ ಕಲಿಯಲು ಕೂತರೆಂದ ಮೇಲೆ, ಎರಡನೆಯ ವರ್ಷದಲ್ಲಿ ತಡವರಿಸುವ ಮಕ್ಕಳು ನಾಚಬೇಕಾದ್ದೇನು?

ನಿಮ್ಮ ಮನೆಯಲ್ಲಿ ಈ ವ್ಯಾಸಂಗಕ್ಕೆ ಹೊರಟವರಿದ್ದರೆ ಮೂರು ಮಾತುಗಳನ್ನು ಹೇಳುತ್ತೇನೆ. ಮೊದಲನೆಯದು: ಜೇಬಿಗೆ ಹಿಡಿಸುವ ಒಂದು ಪುಸ್ತಕವನ್ನು ಸದಾ ಇಟ್ಟುಕೊಂಡು, ಬಸ್ಸಿನಲ್ಲಿ, ಸಂತೆಯಲ್ಲಿ, ಕೆರೆಯ ದಂಡೆಯಲ್ಲಿ, ಕಂಡದ್ದನ್ನು ದಿನವೂ ಗೀಚಲಿ. ಕಾಲೇಜಿನ ಗಂಟೆಗಳಷ್ಟೇ ಸಾಲವು. ಎರಡನೆಯದು: ಬರೆದ ಯಾವ ಹಾಳೆಯನ್ನೂ ಹರಿಯದಿರಲಿ, ಪ್ರತಿಯೊಂದರ ಕೆಳಗೂ ತಾರೀಖು ಹಾಕಲಿ. ಹಳ್ಳದಲ್ಲಿ ಬಿದ್ದ ದಿನ ತಾನು ಎಷ್ಟು ದೂರ ಬಂದಿದ್ದೇನೆಂದು ತೋರಿಸುವ ಸಾಕ್ಷಿ ಅದೊಂದೇ. ಮೂರನೆಯದು: ಅಚ್ಚಿನ ಪುಟದಲ್ಲೂ ಫೋನಿನ ಗಾಜಿನ ಮೇಲೂ ನೋಡಿ ತೃಪ್ತಿಪಡದೆ ಮೂಲಚಿತ್ರಗಳನ್ನು ಎದುರು ನಿಂತು ನೋಡಲಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಮೈಸೂರು ಸಂಪ್ರದಾಯದ ಚಿತ್ರಗಳೂ ತೊಗಲುಗೊಂಬೆಗಳೂ ಇವೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ ೨೦೦೯ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆಯಿತು. ಬಣ್ಣದ ದಪ್ಪ, ಕುಂಚ ಓಡಿದ ಗುರುತು, ಚಿತ್ರದ ನಿಜವಾದ ಅಳತೆ, ಇವು ಅಲ್ಲಿಯೇ ಕಾಣತಕ್ಕವು.

ಇನ್ನು ಹೊಟ್ಟೆಯ ಪ್ರಶ್ನೆ. ಅದನ್ನು ತಳ್ಳಿಹಾಕುವಷ್ಟು ಸಿರಿವಂತ ನಾನಲ್ಲ, ಆ ಮರಗೆಲಸದವರೂ ಅಲ್ಲ. ಕಾಗದ, ಬಣ್ಣ, ಕುಂಚಗಳ ಖರ್ಚು ಸಣ್ಣದಲ್ಲ. ಕಲಿತವರಲ್ಲಿ ಚಿತ್ರ ಮಾರಿಯೇ ಬದುಕುವವರು ಕೆಲವರು, ಶಾಲೆಯಲ್ಲಿ ಕಲಿಸುವವರು, ಜಾಹೀರಾತು, ಅಚ್ಚುಕೆಲಸ, ಬಟ್ಟೆಯ ವಿನ್ಯಾಸ, ಆನಿಮೇಷನ್ ಕಡೆಗೆ ಹೋಗುವವರು ಹಲವರು. ಬೇರೆ ಉದ್ಯೋಗ ಹಿಡಿದವರೂ ಉಂಟು. ಇದನ್ನೆಲ್ಲ ತಂದೆತಾಯಿಗಳು ಮೊದಲೇ ಮಕ್ಕಳೊಡನೆ ಕೂತು ಮಾತನಾಡುವುದು ಒಳ್ಳೆಯದು. ಕಣ್ಣು ಬೆಳೆಯುತ್ತಿರುವ ಹೊತ್ತಿನಲ್ಲಿ ಮಾತ್ರ ಆ ಪ್ರಶ್ನೆಯನ್ನು ಕಲ್ಲಿನಂತೆ ಎಸೆಯಬೇಡಿ.

ನನ್ನ ಶಿಷ್ಯೆ ಬಿಡಲಿಲ್ಲ, ಈಗ ಮೂರನೆಯ ವರ್ಷದಲ್ಲಿದ್ದಾಳೆ. ಮೊನ್ನೆ ಕೇಳಿದೆ, “ಆ ಒಂಬತ್ತನೇ ಕ್ಲಾಸಿನ ನನ್ನ ಚಿತ್ರವನ್ನು ಇನ್ನೊಮ್ಮೆ ಬರೆದುಕೊಡುತ್ತೀಯೇನಮ್ಮ?” “ಬರೆದುಕೊಡ್ತೀನಿ ಸಾರ್, ಆದರೆ ಅದು ಈಗಿನದಾಗುತ್ತೆ, ಅವತ್ತಿನದಾಗಲ್ಲ” ಎಂದಳು. ಅವತ್ತಿನದು ಇದ್ದಿದ್ದರೆ ಅವಳ ಕಣ್ಣು ಎಲ್ಲಿಂದ ಹೊರಟಿತೆಂದು ಇಬ್ಬರೂ ನೋಡಬಹುದಾಗಿತ್ತು. ಆದ್ದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ನಾಳೆ ನಿಮ್ಮ ತರಗತಿಯಲ್ಲಿ ಯಾವ ಹುಡುಗನ ಪುಸ್ತಕದ ಅಂಚಿನಲ್ಲಾದರೂ ನಿಮ್ಮ ಮೂಗು ಕಂಡರೆ, ಗದರಬೇಕೆನಿಸಿದರೆ ಗದರಿ. ಪುಟವನ್ನು ಮಾತ್ರ ಹರಿಸಬೇಡಿ, ಕೆಳಗೆ ತಾರೀಖು ಹಾಕಿಸಿ.