ಒಂದು ಯಂತ್ರಕ್ಕೆ ಇಬ್ಬರು ಯಜಮಾನರು ಬೇಡ
(ಸಂಘದ ಉಚಿತ ವಾಚನಾಲಯದಲ್ಲಿ ಸ್ವಯಂಸೇವಕರ ಪರವಾಗಿ ಮಾಡಿದ ಭಾಷಣ)



ವಾಚನಾಲಯದ ಮಾತೆಂದರೆ ಪುಸ್ತಕ ಪತ್ರಿಕೆಗಳ ಮಾತೇ ಎಂದು ತಾವು ಎಣಿಸುವುದು ಸಹಜ. ಆದರೆ ಈಚೆಗೆ ಪತ್ರಿಕೆಯ ಮೇಜಿನಷ್ಟೇ ಕಂಪ್ಯೂಟರಿನ ಮೇಜಿಗೂ ಜನ ಕಾದು ನಿಲ್ಲುತ್ತಾರೆ. ಊರಿನಿಂದ ಬಂದ ಹುಡುಗರು ನೌಕರಿಯ ಅರ್ಜಿ ತುಂಬುವುದು ಇಲ್ಲಿಯೇ. ಕಡೆಯ ದಿನದ ಸಂಜೆ ಆರು ಯಂತ್ರಗಳೂ ಒಮ್ಮೆಗೇ ವಿಂಡೋಸಿನ ಹೊಸ ಅಪ್‌ಡೇಟನ್ನು ಎಳೆದುಕೊಳ್ಳತೊಡಗಿದರೆ, ಇರುವ ಒಂದು ಇಂಟರ್‌ನೆಟ್ ಸಂಪರ್ಕ ಸಾಲದು. ಒಬ್ಬನ ಅರ್ಜಿ ತಪ್ಪಿ ವರ್ಷವೇ ಹಾಳಾದೀತು. ಆದುದರಿಂದ ಈ ವಿಷಯವನ್ನು ನಾಲ್ಕು ಮಾತುಗಳಲ್ಲಿ ಅರಿಕೆ ಮಾಡುತ್ತೇವೆ.

2015ರಲ್ಲಿ ಬಂದ ವಿಂಡೋಸ್ 10ರಿಂದ ಮೊದಲ್ಗೊಂಡು ಇದಕ್ಕೆ ಒಂದು ಉಪಾಯವುಂಟು. ಅದರ ಹೆಸರು ಡೆಲಿವರಿ ಆಪ್ಟಿಮೈಸೇಷನ್. ಒಂದು ಪತ್ರಿಕೆಯನ್ನು ಕೊಂಡು ಹತ್ತು ಜನ ಓದುವಂತೆ, ಒಂದು ಯಂತ್ರ ತಂದ ತುಣುಕುಗಳನ್ನು ಪಕ್ಕದ ಯಂತ್ರಗಳು ಅದರಿಂದಲೇ ಪಡೆಯುತ್ತವೆ. 1 ಜಿಬಿಯ ಅಪ್‌ಡೇಟನ್ನು ಆರು ಯಂತ್ರಗಳು ಬೇರೆಬೇರೆಯಾಗಿ ತಂದರೆ 6 ಜಿಬಿ ಖರ್ಚು. ಹಂಚಿಕೊಂಡರೆ ಅದರ ಬಹುಭಾಗ ಉಳಿಯುತ್ತದೆ. ಬಂದ ಪ್ರತಿ ತುಣುಕೂ ಅಸಲಿಯೇ ಎಂದು ಯಂತ್ರ ಪರೀಕ್ಷಿಸಿಯೇ ಸ್ವೀಕರಿಸುವುದರಿಂದ ನೆರೆಯ ಯಂತ್ರದಿಂದ ಪಡೆದುದೆಂದು ಅಂಜಬೇಕಾಗಿಲ್ಲ.

ಈ ಹಂಚಿಕೆಗೆ ಅಂಕಿಯ ಗುರುತುಗಳಿವೆ. 0 ಎಂದರೆ ಹಂಚಿಕೆಯೇ ಇಲ್ಲ. 1 ಎಂದರೆ ಒಂದೇ ಸ್ಥಳೀಯ ಜಾಲದ ಯಂತ್ರಗಳೊಳಗೆ. 2 ಎಂದರೆ ಗೊತ್ತುಮಾಡಿದ ಗುಂಪಿನೊಳಗೆ. 3 ಎಂದರೆ ಇಂಟರ್‌ನೆಟ್ಟಿನ ಅಪರಿಚಿತ ಯಂತ್ರಗಳೊಡನೆಯೂ. ನಮ್ಮಂತಹ ವಾಚನಾಲಯಕ್ಕೆ 1 ಸಾಕು.

ತೊಡಕು ಇರುವುದು ಮುಂದೆ. ಈ ಅಪ್ಪಣೆಯನ್ನು ಮೂರು ಕಡೆಯಿಂದ ಕೊಡಬಹುದು. ಸೆಟ್ಟಿಂಗ್ಸ್ ಪರದೆಯಿಂದ ಕೊಡಬಹುದು. ಗ್ರೂಪ್ ಪಾಲಿಸಿಯಿಂದ ಮೇಲ್ವಿಚಾರಕರು ಕೊಡಬಹುದು. ದೂರದಿಂದ ಯಂತ್ರಗಳನ್ನಾಳುವ ಇಂಟ್ಯೂನ್‌ನಂತಹ ಎಂಡಿಎಂ ವ್ಯವಸ್ಥೆಯಿಂದಲೂ ಕೊಡಬಹುದು. ಅಪ್ಪಣೆಗಳು ಬೇರೆಯಾದರೆ ಡೆಲಿವರಿ ಆಪ್ಟಿಮೈಸೇಷನ್ ಮೊದಲು ಗ್ರೂಪ್ ಪಾಲಿಸಿಯನ್ನು, ಬಳಿಕ ಎಂಡಿಎಂ ಅನ್ನು, ಕೊನೆಗೆ ಸೆಟ್ಟಿಂಗ್ಸನ್ನು ಮನ್ನಿಸುತ್ತದೆ. ಗಿರಣಿಯಲ್ಲಿ ಒಂದು ಮಗ್ಗಕ್ಕೆ ಇಬ್ಬರು ಜಾಬರರು ಎರಡು ಹುಕುಂ ಕೊಟ್ಟರೆ ಬಟ್ಟೆಯ ಗತಿ ಏನಾದೀತೆಂದು ಇಲ್ಲಿರುವ ಅನೇಕರು ಬಲ್ಲರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಇಲ್ಲಿ ಬಡವಾಗುವವನು ಅರ್ಜಿ ತುಂಬುವ ಹುಡುಗ.

ಕಚೇರಿಗಳು ದಾನವಾಗಿ ಕೊಡುವ ಹಳೆಯ ಯಂತ್ರಗಳಲ್ಲಿ ಇದು ವಿಶೇಷವಾಗಿ ಆಗಬಹುದು. ಹಿಂದಿನ ಕಚೇರಿಯ ಪಾಲಿಸಿ ಒಳಗೇ ಉಳಿದು 0 ಎಂದಿದ್ದರೆ, ನಾವು ಪರದೆಯಲ್ಲಿ ಹಂಚಿಕೆಗೆ ಒಪ್ಪಿಗೆಯಿತ್ತರೂ ಫಲವಿಲ್ಲ. 3 ಎಂದಿದ್ದರೆ ನಾವು ಹಣ ತೆತ್ತ ಸಂಪರ್ಕ ಅಪರಿಚಿತರಿಗೂ ವಿನಿಯೋಗವಾಗುತ್ತದೆ. 2 ಎಂದಿದ್ದು ಗುಂಪಿನ ಗುರುತುಗಳು ಬೇರೆಯಾದರೆ, ಒಂದೇ ಮೇಜಿನ ಯಂತ್ರಗಳೂ ಒಂದನ್ನೊಂದು ಗುರುತಿಸವು. ಕೆಲವು ಏರ್ಪಾಡುಗಳು ಸಂಸ್ಥೆಯ ವಶದಲ್ಲಿವೆ ಎಂಬರ್ಥದ ಸಾಲು ಪರದೆಯಲ್ಲಿ ಕಂಡರೆ, ಮೇಲೊಬ್ಬ ಯಜಮಾನನಿದ್ದಾನೆಂದು ತಿಳಿಯಬೇಕು.

ಆದುದರಿಂದ ಸ್ವಯಂಸೇವಕರು ಪಾಲಿಸಬೇಕಾದ ಕ್ರಮ ಇಷ್ಟು:

ಮೊದಲನೆಯದಾಗಿ, ಅಪ್ಪಣೆ ಕೊಡುವ ಸ್ಥಳ ಒಂದೇ ಇರಲಿ, ಉಳಿದೆಡೆಯವನ್ನು ತೆಗೆದುಹಾಕಬೇಕು.

ಎರಡನೆಯದಾಗಿ, ವೇಗದ ಮಿತಿಯನ್ನು ಶೇಕಡಾ ಲೆಕ್ಕದಲ್ಲಾಗಲಿ ನಿಗದಿಯಾದ ಅಂಕಿಯಲ್ಲಾಗಲಿ ಬರೆಯಿರಿ, ಎರಡನ್ನೂ ಬರೆಯಬೇಡಿ.

ಮೂರನೆಯದಾಗಿ, ಯಂತ್ರಗಳು ಪರಸ್ಪರ ಮಾತನಾಡುವ 7680ನೆಯ ಪೋರ್ಟನ್ನು ಫೈರ್‌ವಾಲ್ ತಡೆದಿದೆಯೇ ನೋಡಿ. ತಡೆದಿದ್ದರೆ ಅಪ್ಪಣೆ ಸರಿಯಿದ್ದರೂ ಹಂಚಿಕೆ ನಡೆಯದು.

ನಾಲ್ಕನೆಯದಾಗಿ, ಊಹಿಸದೆ ಪರೀಕ್ಷಿಸಿರಿ. ವಿಂಡೋಸ್ 11ರ ಪವರ್‌ಶೆಲ್‌ನಲ್ಲಿ ಗೆಟ್-ಡಿಒಕಾನ್ಫಿಗ್ ಎಂಬ ಆಜ್ಞೆಗೆ ವರ್ಬೋಸ್ ಎಂಬ ಸೂಚನೆ ಸೇರಿಸಿ ಕೊಟ್ಟರೆ, ಪ್ರತಿ ಅಪ್ಪಣೆಯ ಮುಂದೆ ಅದು ಯಾರಿಂದ ಬಂದುದೆಂಬುದೂ ಕಾಣುತ್ತದೆ. ಜಗಳದ ಮೂಲ ಅಲ್ಲಿಯೇ ಸಿಕ್ಕುತ್ತದೆ.

ಬದಲಾವಣೆ ಮಾಡಿದವರು ದಿನಾಂಕ, ಯಂತ್ರದ ಸಂಖ್ಯೆ, ಹಳೆಯ ಅಂಕಿ, ಹೊಸ ಅಂಕಿಗಳನ್ನು ವಾಚನಾಲಯದ ವಹಿಯಲ್ಲಿ ಬರೆದು ರುಜು ಹಾಕಬೇಕೆಂದು ಪ್ರಾರ್ಥನೆ. ಸರದಿಯ ಮೇಲೆ ಬರುವ ಮುಂದಿನ ಸ್ವಯಂಸೇವಕ ಆ ವಹಿಯನ್ನು ನೋಡದೆ ಯಾವುದನ್ನೂ ತಿದ್ದಬಾರದು. ಇಷ್ಟನ್ನು ನಾವೆಲ್ಲ ನಡೆಸಿದರೆ ಅರ್ಜಿಯ ಕಡೆಯ ದಿನದಂದು ನಮ್ಮ ಯಂತ್ರಗಳು ಬಂದವರ ಕೆಲಸಕ್ಕೆ ಒದಗುತ್ತವೆ.