ಬರಿಗೈಯಲ್ಲಿ ಯೂರೋಪಿಗೆ ಹೋಗಬೇಡ

ಡಿಗ್ರಿಯ ಕೊನೆಯ ವರ್ಷ ಬಂತೆಂದರೆ ದೋಹಾದ ಕನ್ನಡ ಮನೆಗಳಲ್ಲಿ ಊಟದ ಹೊತ್ತಿಗೆ ಒಂದೇ ಮಾತು. ಮಗಳು ಜರ್ಮನಿಯ ಮ್ಯಾನ್‌ಹೈಮ್ ಅನ್ನುತ್ತಾಳೆ, ಮಗ ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್ ಅನ್ನುತ್ತಾನೆ, ಅಮ್ಮ "ನಮ್ಮ ಮಣಿಪಾಲಕ್ಕೇನು ಕಡಿಮೆ?" ಅನ್ನುತ್ತಾರೆ, ಅಪ್ಪ ಸುಮ್ಮನೆ ಮೊಬೈಲಿನಲ್ಲಿ ಯೂರೋ ರೇಟು ನೋಡುತ್ತಾರೆ. ಬಿಸಿನೆಸ್ ಓದಲು ಯೂರೋಪಿಗೆ ಹೊರಡಬೇಕೆಂದಿರುವ ತಮ್ಮಾ, ತಂಗೀ, ನಾನು ಹೇಳುವುದಿಷ್ಟೇ: ಹೋಗು, ಧೈರ್ಯವಾಗಿ ಹೋಗು. ಆದರೆ ಬರಿಗೈಯಲ್ಲಿ ಹೋಗಬೇಡ. ಸರಕಿಲ್ಲದೆ ಸಂತೆಗೆ ಹೋದವನಿಗೆ ಧೂಳು ಬಿಟ್ಟರೆ ಬೇರೇನು ಸಿಕ್ಕೀತು?

"ನನ್ನ ಹತ್ತಿರ ಸರಕು ಎಲ್ಲಿದೆ?" ಅನ್ನುತ್ತೀಯಾ? ನೀನು ಬೆಳೆದ ಊರನ್ನೇ ನೋಡು. ಕತಾರಿನ ಕರಾವಳಿ ಒಂದು ಕಾಲಕ್ಕೆ ಮುತ್ತಿನಿಂದಲೇ ಬದುಕುತ್ತಿತ್ತು. ಉಸಿರು ಬಿಗಿಹಿಡಿದು ಕಡಲ ತಳಕ್ಕಿಳಿದವರು ತಂದ ಮುತ್ತು ಬೊಂಬಾಯಿಯ ವರ್ತಕರ ಕೈದಾಟಿ ಯೂರೋಪಿನ ಶ್ರೀಮಂತರ ಕೊರಳು ಸೇರುತ್ತಿತ್ತು. 1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಕುಸಿತದ ಜೊತೆಗೆ ಜಪಾನಿನವರು ಕೃಷಿ ಮಾಡಿ ಬೆಳೆದ ಅಗ್ಗದ ಮುತ್ತೂ ಬಂತು. ಈ ವ್ಯಾಪಾರ ನೆಲಕಚ್ಚಿತು. ಮುಂದೆ ಎಣ್ಣೆ ಸಿಕ್ಕಿತು, ಆಮೇಲೆ ಅನಿಲ. 1996ರ ಡಿಸೆಂಬರಿನಲ್ಲಿ ದ್ರವೀಕೃತ ಅನಿಲ ತುಂಬಿಕೊಂಡು ಕತಾರಿನಿಂದ ಹೊರಟ ಮೊದಲ ಹಡಗು ಹೋದದ್ದೆಲ್ಲಿಗೆ ಗೊತ್ತೆ? ಅದೇ ಜಪಾನಿಗೆ. ಅನ್ನ ಕಸಿದ ದೇಶವೇ ಮೊದಲ ಗಿರಾಕಿಯಾಯಿತು.

2017ರ ಜೂನ್ 5ನ್ನು ನೀನೇ ಕಂಡಿರಬಹುದು. ನೆರೆಯ ದೇಶಗಳು ಕತಾರಿನ ಜೊತೆ ಸಂಬಂಧ ಕಡಿದುಕೊಂಡವು, ಸೌದಿಯ ಗಡಿ ಮುಚ್ಚಿತು, ಜನ ಸೂಪರ್‌ಮಾರ್ಕೆಟ್ಟಿಗೆ ಮುಗಿಬಿದ್ದರು. ಟರ್ಕಿಯಿಂದ, ಇರಾನಿನಿಂದ ಆಹಾರ ಬಂತು. ಜುಲೈ ಹೊತ್ತಿಗೆ ಬಲದ್ನಾ ಕಂಪನಿಯ ಹಸುಗಳು ವಿಮಾನ ಹತ್ತಿ ಮರಳುಗಾಡಿಗೆ ಇಳಿದವು. ಸಪ್ಲೈ ಚೈನ್ ಮುರಿದರೆ ಏನಾಗುತ್ತದೆಂದು ನಿನ್ನ ಯೂರೋಪಿನ ಸಹಪಾಠಿ ಪುಸ್ತಕದಲ್ಲಿ ಓದಿರುತ್ತಾನೆ. ನಿನ್ನ ಮನೆಯಲ್ಲಿ ಅದು ಬೆಳಗಿನ ಚಹಾದ ಹಾಲಿನ ಪ್ರಶ್ನೆಯಾಗಿತ್ತು. ಅವನು ಮಾತು ಮುಗಿಸಲಿ, ಆಮೇಲೆ ನೀನು ಕೈಯೆತ್ತು.

ಅಪ್ಪ-ಅಮ್ಮನ ಊರಿನ ಗಂಟನ್ನೂ ಬಿಚ್ಚು. ದೋಹಾದ ಕನ್ನಡಿಗರಲ್ಲಿ ಬಹಳ ಮಂದಿಯ ಬೇರು ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಕಡೆಯದು. ಆ ಕರಾವಳಿ ಯೂರೋಪಿನ ಒಂದು ನಗರದಿಂದ ಹೇಗೆ ಕಲಿಯಿತು ನೋಡು. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಿಂದ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಊರಿನವರು ನೋಡಿ ಬೆರಗಾಗಿ ಕೂರಲಿಲ್ಲ. ಮೂರೇ ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಮನೆತನ ಸ್ವಂತ ಕಾರ್ಖಾನೆ ತೆರೆಯಿತು. ಮಂಗಳೂರು ಹಂಚು ಕಡಲಾಚೆಗೂ ಹೋಯಿತು. ಕಲಿಯುವುದೆಂದರೆ ಇದು: ಕಣ್ಣಿಗೆ ಬಿದ್ದದ್ದನ್ನು ಕೈಗೆ ತಂದುಕೊಳ್ಳುವುದು.

ಉಡುಪಿಯ ಕತೆ ಇನ್ನೂ ಚೆಂದ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಪುಟ್ಟ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟ್ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಬಳಿಗೆ ಬ್ಯಾಂಕೇ ನಡೆದು ಬಂತು. ಬಡವರ ಉಳಿತಾಯದ ಬಗ್ಗೆ ಮ್ಯಾನ್‌ಹೈಮಿನಲ್ಲಿ ಚರ್ಚೆ ನಡೆಯುವಾಗ ಈ ಎರಡಾಣೆಯನ್ನು ಮೇಜಿನ ಮೇಲಿಡು. ಅದನ್ನು ಹೇಳಲು ಆ ಕ್ಲಾಸಿನಲ್ಲಿ ನಿನ್ನ ಹೊರತು ಇನ್ನೊಬ್ಬರು ಇರಲಿಕ್ಕಿಲ್ಲ.

ಇಷ್ಟೆಲ್ಲ ಇಲ್ಲೇ ಇರುವಾಗ ಅಲ್ಲಿಗೇಕೆ ಹೋಗಬೇಕು? ನ್ಯಾಯವಾದ ಪ್ರಶ್ನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 2004ರಿಂದ ದೋಹಾದ ಎಜುಕೇಶನ್ ಸಿಟಿಯಲ್ಲಿದೆ, ಬಿಸಿನೆಸ್ ಪದವಿ ಕೊಡುತ್ತದೆ. ಪ್ಯಾರಿಸ್ಸಿನ ಬಿಸಿನೆಸ್ ಸ್ಕೂಲ್ ಎಚ್‌ಇಸಿ ಕೂಡ 2010ರಲ್ಲಿ ದೋಹಾಕ್ಕೇ ಬಂದು, ಅನುಭವವಿರುವ ಅಧಿಕಾರಿಗಳಿಗೆ ಪಾಠ ಹೇಳುತ್ತಿದೆ. ಪಾಠ ವಿಮಾನ ಹತ್ತಿ ಬರಬಲ್ಲದು, ಊರು ಬರಲಾರದು. ಅಪ್ಪನ ಕಾರಿಲ್ಲದ, ಅಮ್ಮನ ಅಡುಗೆಯಿಲ್ಲದ, ನಿನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲಾರದ ಒಂದು ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಕರಾರು ಓದಿ ಸಹಿ ಹಾಕಿ, ಹತ್ತು ದೇಶದವರ ಜೊತೆ ಒಂದು ಪ್ರಾಜೆಕ್ಟ್ ಮುಗಿಸುವುದನ್ನು ಯಾವ ಸಿಲಬಸ್ಸೂ ಕಲಿಸದು.

ಉಚ್ಚಾರದ ಮಾತು ಬಂತು, ಭಾಷೆಯ ವಿಷಯದಲ್ಲಿ ಒಂದಿಷ್ಟು ಚಿವುಟುತ್ತೇನೆ, ಬೇಸರ ಬೇಡ. ಇಷ್ಟು ವರ್ಷ ದೋಹಾದಲ್ಲಿದ್ದು ಅರಬ್ಬಿ ಎಷ್ಟು ಕಲಿತೆ? ಹಿಂದಿ, ಮಲಯಾಳಂ, ಇಂಗ್ಲಿಷಿನಲ್ಲೇ ಇಲ್ಲಿ ದಿನ ಕಳೆದುಹೋಗುತ್ತದೆ. ಅಲ್ಲಿ ಹಾಗೆ ಮಾಡಬೇಡ. ಜರ್ಮನಿಗೆ ಹೋದರೆ, ಕ್ಲಾಸು ಇಂಗ್ಲಿಷಿನಲ್ಲಿ ನಡೆದರೂ ಕೆಲಸ ಕೊಡುವವನು ಜರ್ಮನ್ ಮಾತಾಡುತ್ತಾನೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಠ ಶುರುಮಾಡು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಹೊರಗೆ ಕನ್ನಡ ಆಡುತ್ತ ಬಂದ ನಾಲಿಗೆಗೆ ಇನ್ನೊಂದು ಭಾಷೆ ಹೊರೆಯಲ್ಲ. ಅಲ್ಲಿ ಹೋದಮೇಲೆ ಭಾರತದವರದೇ ಗುಂಪು ಕಟ್ಟಿಕೊಂಡು ಬಿರಿಯಾನಿ ಬೇಯಿಸುತ್ತಾ ಕೂರುವುದಾದರೆ ದೋಹಾದಲ್ಲೇ ಇನ್ನೂ ರುಚಿಯಾದ ಬಿರಿಯಾನಿ ಇದೆ.

ಈಗ ದುಡ್ಡಿನ ಲೆಕ್ಕ. ಬಿಸಿನೆಸ್ ಓದುವವನ ಮೊದಲ ಬ್ಯಾಲೆನ್ಸ್ ಶೀಟ್ ಅವನ ಮನೆಯದೇ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಮ್ಯಾನ್‌ಹೈಮ್ ಇರುವ ರಾಜ್ಯದಲ್ಲಿ ಯೂರೋಪಿಯನ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ. ಜೊತೆಗೆ ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋ ಆಯಿತು, ಅಂದರೆ ಹೆಚ್ಚುಕಡಿಮೆ ಐವತ್ತು ಸಾವಿರ ರಿಯಾಲ್. ಕತಾರಿನಿಂದ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಇಲ್ಲಿನ ವಾಸದ ಪರವಾನಗಿಗೂ (ಆರ್‌ಪಿ) ತೊಡಕಾಗುತ್ತದೆ. ಅಷ್ಟು ಕಾಲ ಹೊರಗಿರುವ ಅನುಮತಿಯ ವಿಚಾರವನ್ನು ಹೊರಡುವ ಮೊದಲೇ ಕೇಳಿಟ್ಟುಕೋ.

ಆ ಐವತ್ತು ಸಾವಿರವನ್ನು ಇನ್ನೊಂದು ಬಗೆಯಲ್ಲೂ ಲೆಕ್ಕ ಹಾಕು. 2021ರ ಮಾರ್ಚಿನಿಂದ ಕತಾರಿನಲ್ಲಿ ಕನಿಷ್ಠ ಮೂಲವೇತನ ತಿಂಗಳಿಗೆ 1,000 ರಿಯಾಲ್. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿದ್ದು ಅಷ್ಟೇ ಪಡೆಯುವ ಒಬ್ಬ ಕೆಲಸಗಾರನ ಐವತ್ತು ತಿಂಗಳ ಮೂಲವೇತನ ನಿನ್ನ ಒಂದು ವರ್ಷದ ಠೇವಣಿ. ನೀನು ನಾಚಿಕೆಪಡಲಿ ಎಂದು ಇದನ್ನು ಹೇಳುತ್ತಿಲ್ಲ. ಆ ಕೆಲಸಗಾರ ಬೈಂದೂರಿನವನೋ ಕಾಸರಗೋಡಿನವನೋ ಇರಬಹುದು. ಅವನ ಮಗಳೂ ಒಂದು ದಿನ ನಿನ್ನಂತೆಯೇ ಕನಸು ಕಾಣಬಹುದು. ಊರಿಗೆ ಹಣ ಕಳಿಸಲು ಅವನಿಗೆ ಬೀಳುವ ಖರ್ಚು ತಗ್ಗುವುದು ಹೇಗೆ? ಇಲ್ಲಿಗೆ ಬರಲು ಏಜೆಂಟನಿಗೆ ಮಾಡಿದ ಸಾಲ ಅವನನ್ನು ಹಿಡಿಯದಂತೆ ಮಾಡುವುದು ಹೇಗೆ? ನಿನ್ನ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇಗೋ ಇಲ್ಲಿದೆ. ಎರಡಾಣೆಗೆ ಬ್ಯಾಂಕು ಕಟ್ಟಿದ ನಾಡಿನ ಮಕ್ಕಳು ಇದಕ್ಕೆ ಉತ್ತರ ಹುಡುಕಲಾರರೆ?

ಹುಡುಕು. ಅದಕ್ಕಾಗಿ ಓದು, ವಾದಿಸು, ಸೋಲು, ಮತ್ತೆ ಲೆಕ್ಕ ಹಾಕು. ಮಾರ್ಕು ಬಂದೀತು, ಕೆಲಸ ಸಿಕ್ಕೀತು, ಅದರಲ್ಲಿ ದೊಡ್ಡದೇನಿಲ್ಲ. ಬೇರೆಯವರ ಬದುಕನ್ನು ಒಂದು ರಿಯಾಲಿನಷ್ಟಾದರೂ ಹಗುರ ಮಾಡುವ ಕಸುಬು ಕಲಿತು ಬಾ.